ಕಾವಲು ನನ್ನ ಕೈಗೆ ಬಂದಾಗ

ಜಡ್ಡು ಬಿದ್ದವರನ್ನು ಮಾತಾಡಿಸಿ ಬರದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಮ್ಮೂರು ಐಗಳಿಯಲ್ಲಿ ಯಾರಿಗೇ ಜ್ವರ ಬರಲಿ, ಸೆರಗಿನಲ್ಲಿ ನಾಲ್ಕು ಬಾಳೆಹಣ್ಣು ಕಟ್ಟಿಕೊಂಡು ಮೊದಲು ಹೋಗುವವಳು ನಾನು. ಕಲಿತದ್ದು ಎರಡನೇ ಇಯತ್ತೆ. ಆದರೆ ಯಾರ ಮನೆಯಲ್ಲಿ ಯಾವ ರೋಗ ಎಂಬುದು ಬಾಯಿಪಾಠ. ಪ್ರೀತಿ ಅಂತೇನಿಲ್ಲ. ನಾನು ಹೋಗದಿದ್ದರೆ ನಾನು ಮಲಗಿದಾಗ ಯಾರು ಬಂದಾರು?

ಈಗ ನನಗೇ ಕೀಲುವಾತ. ಬೆರಳುಗಳು ಹಸಿಶುಂಠಿಯಂತೆ ಊದಿಕೊಂಡು, ರೊಟ್ಟಿ ಬಡಿಯುವುದು ನಿಂತು ವರ್ಷವಾಯಿತು. ಸೊಸೆ ಸುನಂದಾ ಬಡಿದ ರೊಟ್ಟಿಯನ್ನು ತಿನ್ನಬಹುದು, ಹಲ್ಲಿರಬೇಕು ಅಷ್ಟೆ. ಸಾಯುವುದರೊಳಗೆ ನನ್ನ ಕೈಯ ತೆಳ್ಳನೆಯ ರೊಟ್ಟಿ ಒಮ್ಮೆ ತಿನ್ನಬೇಕೆಂದೇ ಚಿಕ್ಕೋಡಿಯ ಡಾಕ್ಟರ ಹತ್ತಿರ ಹೋದೆ.

"ಅಜ್ಜಿ, ನಿಮ್ಮ ರಕ್ತದಾಗ ಕಾವಲು ಕಾಯೂ ಕಣ ಅದಾವ. ಅವು ನಿಮ್ಮ ಕೀಲನ್ನ ಕಳ್ಳ ಅಂತ ತಿಳದು ಹೊಡ್ಯಾಕತ್ತಾವ," ಎಂದರು ಡಾಕ್ಟರು. "ಈ ಔಷಧ ಅದರಾಗಿನ ಒಂದು ಜಾತಿ ಕಣಕ್ಕ ಹೋಗಿ ಅಂಟಿಕೊಂಡು, ಅವನ್ನ ತಗದು ಹಾಕತೈತಿ."

"ಮನ್ಯಾವರನ್ನ ಹೊಡಿಯೂವಂಥಾ ಕಾವಲುಗಾರರು ಇದ್ದರೇನು, ಸತ್ತರೇನ್ರಿ! ಹೊಸಾವು ಬರೂತನಕಾ ಕಾವಲು ಕಾಯೂವರು ಯಾರು?"

"ನೀವ ಕಾಯಬೇಕು. ಕೆಮ್ಮು, ಜ್ವರಾ ಇದ್ದವರ ಹತ್ರ ಸುಳಿಯಬ್ಯಾಡ್ರಿ. ಹದಿನೈದು ದಿನಕ್ಕ ಎರಡನೇ ಬಾಟ್ಲಿ ಹಚ್ಚತೀವಿ. ಜ್ವರಾ ಬಂತಂದ್ರ ಹಚ್ಚೂದಿಲ್ಲ."

ಮೊದಲ ಬಾಟ್ಲಿಯ ಔಷಧ ನರಕ್ಕೆ ಏರಿಸಿಕೊಂಡು ಬಂದು, ಹತ್ತು ದಿನ ಕಾಯ್ದೆ. ಹನ್ನೊಂದನೆಯ ದಿನ ಹಿಂದಿನ ಮನೆಯ ಗಂಗವ್ವ ಕೆಮ್ಮುವುದು ಗೋಡೆ ದಾಟಿ ಕೇಳಿಸಿತು. ಕೆಮ್ಮು ನನ್ನನ್ನೇ ಕರೆದಂತಿತ್ತು.

"ಅತ್ತಿ, ಎಲ್ಲಿಗೆ ಹೊಂಟ್ರಿ?" ಎಂದಳು ಸುನಂದಾ.

"ಎಮ್ಮಿಗೆ ನೀರು ಇಡಾಕ."

"ಸೆರಗಿನ್ಯಾಗ ಬಾಳಿಹಣ್ಣು ಯಾಕ?"

"ಎಮ್ಮಿ ತಿನ್ನೂದಿಲ್ಲೇನು?" ಎಂದವಳೇ ಹಿತ್ತಲಿನಿಂದ ನುಸುಳಿದೆ.

ಗಂಗವ್ವ ನನ್ನ ಕೈ ಹಿಡಿದು, "ಬಾರಬೇ! ನೀ ಬರಲಿಲ್ಲ ನೋಡು, ನನ್ನ ಜಡ್ಡು ಅಷ್ಟೇನೂ ದೊಡ್ಡದಲ್ಲ ಅಂತ ತಿಳಕೊಂಡಿದ್ದೆ," ಎಂದು ಮುಖದ ಮೇಲೆಯೇ ಕೆಮ್ಮಿದಳು. ಚಹಾ ಕುಡಿದು ಬಂದೆ.

ಹದಿನಾಲ್ಕನೆಯ ದಿನ ಜ್ವರ. ಡಾಕ್ಟರು, "ಯಾರನ್ನ ಮಾತಾಡಸಾಕ ಹೋಗಿದ್ರಿ?" ಎಂದಷ್ಟೇ ಕೇಳಿ, ಜ್ವರಕ್ಕೆ ಗುಳಿಗೆ ಕೊಟ್ಟು ಎರಡನೇ ಬಾಟ್ಲಿಯ ದಿನವನ್ನು ಮುಂದಕ್ಕೆ ಹಾಕಿದರು.

ಈಗ ಊರೆಲ್ಲ ನನ್ನನ್ನು ಮಾತಾಡಿಸಲು ಬರುತ್ತಿದೆ. ಸುನಂದಾ ಬಾಗಿಲಲ್ಲೇ ನಿಂತು ಬಾಳೆಹಣ್ಣು ಒಳಗೆ ಬಿಟ್ಟು, ಮಂದಿಯನ್ನು ಹೊರಗಿನಿಂದಲೇ ಕಳಿಸುತ್ತಾಳೆ. ಗಂಗವ್ವನಂತೂ ಗುಣವಾಗಿ, ಗಟ್ಟಿಮುಟ್ಟಾಗಿ ಬಂದು ಹೋದಳು. ನಾನು ಒಳಗೆ ಕುಳಿತು ಸೊಸೆಯ ರೊಟ್ಟಿ ಅಗಿಯುತ್ತಿದ್ದೇನೆ. ಆ ಕಣಗಳನ್ನು ಎಷ್ಟು ಬೈದಿದ್ದೆ! ಅವು ಮನೆಯವರನ್ನೇ ಕಳ್ಳರೆಂದು ತಿಳಿದವು, ಅಷ್ಟೇ ಅವುಗಳ ತಪ್ಪು. ನಾನು ಕಳ್ಳನ ಮನೆ ಹುಡುಕಿಕೊಂಡು ಹೋಗಿ, ಬಾಳೆಹಣ್ಣು ಕೊಟ್ಟು ಕರೆದುಕೊಂಡು ಬಂದೆ.