ಕರೆಂಟು ತೆಗೆಯುವಂತೆ ಕೋರಿ

ಬೇಗೂರು, ಗುಂಡ್ಲುಪೇಟೆ ತಾಲ್ಲೂಕು
ಆಗಸ್ಟ್ 1999

ಇಂದ,
ಕುಮಾರಿ, ಬೆರಳಚ್ಚು ಅಂಗಡಿ

ಗೆ,
ವಿದ್ಯುತ್ ಶಾಖಾಧಿಕಾರಿಗಳು

ವಿಷಯ: ನಮ್ಮ ಬೀದಿಯ ಕರೆಂಟನ್ನು ಒಮ್ಮೆ ತೆಗೆದು, ಮತ್ತೆ ಕೊಡುವ ಬಗ್ಗೆ.

ಉಲ್ಲೇಖ: ಕರೆಂಟು ಹೋಗದಂತೆ ಮಾಡಬೇಕೆಂದು ಬೀದಿಯವರು ಸಲ್ಲಿಸಿದ್ದ ಮನವಿ (ಮೊದಲ ಸಹಿ ನನ್ನದು).

ಮಾನ್ಯರೇ,

1. ನಾನು ಮೈಸೂರಿನಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪ್, ಕರೆಂಟು ಹೋದರೆ ಬ್ಯಾಟರಿಯಲ್ಲಿ ನಡೆಯುತ್ತದೆ. ಆದರೆ ಕರೆಂಟು ಬಂದ ಕೂಡಲೇ ನಿದ್ರೆಗೆ ಜಾರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ನಾನೇ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಏನೂ ಆಗುವುದಿಲ್ಲ. ತಮ್ಮ ಕರೆಂಟಿಗೆ ಮಾತ್ರ ಹೀಗೆ ಮಾಡುತ್ತದೆ.

2. ಟೇಲರ್ ಗೌಸ್ ಮೊಹಿದ್ದೀನ್ ಅವರ ಮಗಳು ಆಮಿನಾಳ ಮದುವೆ ಕಾಗದವನ್ನು ಟೈಪು ಮಾಡಿದಾಗಲೆಲ್ಲ ಯಂತ್ರ ಕಾಗದದ ಸಮೇತ ಮಲಗಿತು. ಅವರು "ಬುಡಮ್ಮ, ಮೈಸೂರಲ್ಲೇ ಮಾಡಿಸ್ಕತೀನಿ" ಎಂದು ಹೊರಟುಹೋದರು. ನನಗೆ ಅಳು ಬಂತು.

3. ಕಾರಣ, ಯಂತ್ರವನ್ನು ಒಳಗಿಂದ ನಡೆಸುವ ಕರ್ನಲ್ ಎಂಬ ತಂತ್ರಾಂಶವನ್ನು ತಿದ್ದುವ ಪರದೇಶದವರೊಬ್ಬರಿಗೆ ಇ-ಮೇಲ್ ಬರೆದೆ. ಅವರು ತೇಪೆ ಎಂಬ ತಿದ್ದುಪಡಿಯ ತುಣುಕು ಕಳಿಸಿದರು, ಹಾಕಿದೆ. ಯಂತ್ರ ಮಲಗುವುದನ್ನೇ ಬಿಟ್ಟಿತು. ಮುಚ್ಚಳ ಮುಚ್ಚಿದರೂ ಬಿಸಿಯಾಗುತ್ತಲೇ ಇತ್ತು, ಬೆಕ್ಕು ಅದರ ಮೇಲೆ ಮಲಗತೊಡಗಿತು. ಮತ್ತೊಂದು ತೇಪೆ ಕಳಿಸಿ, ಕರೆಂಟು ಹೋಗಿ ಬಂದಾಗ ನೋಡಿ ತಿಳಿಸಿ ಎಂದರು. ಅದನ್ನೂ ಹಾಕಿದೆ. ಅಷ್ಟರಲ್ಲಿ ಉಲ್ಲೇಖಿತ ಮನವಿಯ ಮೇರೆಗೆ ತಾವು ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಸಿದಿರಿ. ಅಂದಿನಿಂದ ಕರೆಂಟು ತಾನಾಗಿ ಹೋಗಿಲ್ಲ.

4. ಆದ್ದರಿಂದ ಲೈನ್‌ಮನ್ ಮಾದೇವ ಅವರನ್ನು ಬೇಡಿಕೊಂಡೆ. "ಕರೆಂಟ್ ಕೊಡಿ ಅಂತ ಬೈಯೋರ ಕಂಡಿವ್ನಿ ಕಣಕ್ಕ. ತಗೀರಿ ಅನ್ನೋರ ಇವತ್ತೇ ಕಂಡದ್ದು" ಎಂದು ನಕ್ಕು, ಫ್ಯೂಸ್ ಕಿತ್ತು, ಮತ್ತೆ ಹಾಕಿದರು. ಕರೆಂಟು ಬಂತು. ಯಂತ್ರ ಮಲಗಿತು. ಗುಂಡಿ ಒತ್ತಿದೆ. "ಎದ್ಬುಡ್ತು! ಎದ್ಬುಡ್ತು!" ಎಂದು ಕೂಗಿಕೊಂಡು ಬೀದಿಗೆ ಓಡಿದೆ. ಪಕ್ಕದ ಹಿಟ್ಟಿನ ಮಿಲ್ಲಿನ ಪುಟ್ಟಮಾದಮ್ಮನವರು ಮುಖದ ತುಂಬ ರಾಗಿಹಿಟ್ಟಿನೊಂದಿಗೆ ಹೊರಬಂದು, "ಯಾರಮ್ಮಿ ಎದ್ದದ್ದು? ನನ್ ಮಿಲ್ಲು ಮಲಗ್ಬುಟ್ಟದೆ!" ಎಂದರು. ಕರೆಂಟು ಹೋಗಿ ಬಂದ ಸದರಿ ಸಮಯದಲ್ಲಿ ಮಿಲ್ಲಿನ ಬೆಲ್ಟು ಹರಿದಿತ್ತು.

5. ಪರದೇಶದವರು, ಒಮ್ಮೆ ಎದ್ದರೆ ಸಾಲದು, ಇನ್ನೊಮ್ಮೆ ನೋಡಿ, ಆಗಲೇ ತೇಪೆಯನ್ನು ಹೊಸ ಕರ್ನಲ್‌ಗೆ ಸೇರಿಸುವೆ ಎಂದಿದ್ದಾರೆ. ಬೆಲ್ಟು ಹರಿದಂದಿನಿಂದ ಮಾದೇವ ಅವರು ನಮ್ಮ ಬೀದಿಯನ್ನು ಬಿಟ್ಟು ಸುತ್ತಿ ಹೋಗುತ್ತಾರೆ.

6. ಈ ಅರ್ಜಿಯ ಸುದ್ದಿ ತಿಳಿದು ಪುಟ್ಟಮಾದಮ್ಮನವರು ಆಕ್ಷೇಪಣೆ ಬರೆಸಲು ನನ್ನಲ್ಲಿಗೇ ಬಂದರು, ಊರಲ್ಲಿ ಬೇರೆ ಬೆರಳಚ್ಚಿನವರಿಲ್ಲ. "ಕುಮಾರಿಗೆ ತಲೆ ಕೆಟ್ಟದೆ ಅಂತ ಬರಿ ಕಣಮ್ಮಿ, ಬುಡಬ್ಯಾಡ" ಎಂದರು. ಬರೆದೆ. ಆ ಸಾಲಿಗೆ ಅಡಿಗೆರೆಯನ್ನೂ ಹಾಕಿಸಿಕೊಂಡರು. ಎದ್ದು ಹೋಗುವಾಗ, "ಎದ್ದದ್ದು ದಿಟವಾ?" ಎಂದು ಕೇಳಿ, ಯಂತ್ರವನ್ನು ನೋಡಿಕೊಂಡು ಹೋದರು.

ಆದ್ದರಿಂದ, ಮಿಲ್ಲಿಗೆ ಬಿಡುವಿರುವ ಯಾವುದಾದರೂ ಹೊತ್ತಿನಲ್ಲಿ ಕರೆಂಟು ತೆಗೆಸಿಕೊಡಬೇಕಾಗಿ ಪ್ರಾರ್ಥನೆ.

ಕತ್ತಲೆಯ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿ,
ಕುಮಾರಿ

ಲಗತ್ತುಗಳು:
ಅ) ಪರದೇಶದವರ ಪತ್ರದ ಪ್ರತಿ
ಆ) ಹರಿದ ಬೆಲ್ಟಿನ ತುಂಡು
ಇ) ನನ್ನ ವಿರುದ್ಧ ಪುಟ್ಟಮಾದಮ್ಮನವರ ಆಕ್ಷೇಪಣೆ

ವಿ.ಸೂ.: ಲಗತ್ತು 'ಇ'ಯಲ್ಲಿ ನನ್ನ ಬಗೆಗಿನ "ಅವಿವೇಕಿ" ಎಂಬಲ್ಲಿ ಒಂದು ಅಕ್ಷರ ಬಿಟ್ಟುಹೋಗಿ "ವಿವೇಕಿ" ಎಂದಾಗಿದೆ. ತಪ್ಪು ನನ್ನದು. ದಯವಿಟ್ಟು ಅವರು ಹೇಳಿದಂತೆಯೇ ಓದಿಕೊಳ್ಳಬೇಕಾಗಿ ವಿನಂತಿ.