ಮುಳ್ಳಿಲಿಗೆ ಮೊಸರನ್ನ

ಒಂದು ಮುಳ್ಳಿಲಿಯನ್ನು ಹಿತ್ತಲಲ್ಲಿ ಉಳಿಸಿಕೊಳ್ಳುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಈಗ ಅದರ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತದೆ!

ಮಸ್ಕತ್ತಿನ ಅಲ್ ಅಜೈಬಾದಲ್ಲಿರುವ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಬಸಳೆ ಚಪ್ಪರ ಹಾಕಿದ್ದೆ. ಕನ್ನಡ ಸಂಘದ ಊಟಕ್ಕೆ ನನ್ನ ಚಪ್ಪರದ ಬಸಳೆಯದ್ದೇ ಹುಳಿ ಎಂದು ಎಲ್ಲರೆದುರು ಘೋಷಿಸಿಯೂ ಬಿಟ್ಟಿದ್ದೆ. ಸರಿಯಾಗಿ ಆಗಲೇ ಎಲೆಗಳಿಗೆ ಹುಳ ಹಿಡಿಯಿತು. ಮಾನ ಹೋಗುವ ಹೊತ್ತು!

ಒಂದು ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ಚಪ್ಪರದಡಿ ಅಂಗೈಯಗಲದ ಮುಳ್ಳಿನ ಪ್ರಾಣಿಯೊಂದು ಹುಳ ಮೆಲ್ಲುತ್ತಿತ್ತು. ಮುಳ್ಳುಹಂದಿಯ ಮರಿ ಎಂದುಕೊಂಡೆ. ಅಲ್ಲ, ಅದು ಮುಳ್ಳಿಲಿ ಎಂದು ಮೊಬೈಲು ತಿಳಿಸಿತು. ಪುಕ್ಕಟೆ ಕಾವಲುಗಾರ! ಔಷಧ ಹೊಡೆಯುವುದನ್ನು ನಿಲ್ಲಿಸಿದೆ, ಒಣ ಎಲೆ ಗುಡ್ಡೆ ಹಾಕಿದೆ, ನೀರಿಟ್ಟೆ. ಅದಕ್ಕೆ ಓಡಾಡಲು ದಾರಿ ಬೇಕಂತೆ. ಮನೆ ಮಾಲೀಕರನ್ನೂ ಪಕ್ಕದ ಮನೆಯ ಇಬ್ರಾಹಿಂ ಬ್ಯಾರಿಯವರನ್ನೂ ಒಪ್ಪಿಸಿ, ನಡುಗೋಡೆಯ ಬುಡಕ್ಕೆ ತೂತು ಕೊರೆದೆ.

ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಅತಿಥಿಗೆ ಬಾಳೆಲೆಯ ತುಂಡಿನಲ್ಲಿ ಮೊಸರನ್ನ ಬಡಿಸಿದೆ. ಮೂಸಿ ಮುಖ ತಿರುಗಿಸಿತು.

"ಉಪ್ಪಿನಕಾಯಿ ಹಾಕಲಿಲ್ಲ ನೋಡಿ, ಅದಕ್ಕೆ ಸಿಟ್ಟು ಬಂದಿರ್ಬೇಕು," ಎಂದಳು ಹೆಂಡತಿ.

ಮರುದಿನ ಗಂಜಿ ಇಟ್ಟೆ. ಅದನ್ನೂ ಮುಟ್ಟಲಿಲ್ಲ. ಆಮೇಲೆ ಅದೇ ನಾಪತ್ತೆ. ಹುಳಗಳು ನನ್ನ ಬಸಳೆಯನ್ನು ಜರಡಿ ಮಾಡಿದವು.

ಊಟದ ಹಿಂದಿನ ದಿನ ಗೋಡೆಯಾಚೆ ಇಣುಕಿದೆ. ನನ್ನ ಮುಳ್ಳಿಲಿ ಬ್ಯಾರಿಯವರು ಇಟ್ಟ ಮೀನಿನ ತಲೆಯನ್ನು ಚಪ್ಪರಿಸುತ್ತಿತ್ತು! ಪಕ್ಕದಲ್ಲಿ ನಾನೇ ಕೊಟ್ಟ ಬಳ್ಳಿಯಿಂದಾದ ಅವರ ಬಸಳೆ, ಒಂದು ಎಲೆಗೂ ತೂತಿಲ್ಲ. ನಾನು ಕೊರೆದ ಬಾಗಿಲಿನಿಂದಲೇ ನುಸುಳಿ ಹೋಗಿದೆ, ದ್ರೋಹಿ! ಬಾಯಿಗೆ ಬಂದಂತೆ ತುಳುವಿನಲ್ಲಿ ಬೈದೆ. ಒಮಾನಿನ ಪ್ರಾಣಿ, ತಲೆಯೆತ್ತಿಯೂ ನೋಡಲಿಲ್ಲ.

ನನ್ನ ಕೂಗಾಟ ಕೇಳಿ ಹೊರಬಂದ ಬ್ಯಾರಿಯವರು ಒಂದು ಕಟ್ಟು ಬಸಳೆ ಕೊಯ್ದು ಗೋಡೆಯ ಮೇಲಿಂದ ಕೊಟ್ಟರು.

"ನಾಳೆಯ ಊಟಕ್ಕೆ ಇದನ್ನೇ ತಕೊಂಡು ಹೋಗಿ ಭಟ್ರೆ. ಆದ್ರೆ ಒಂದು ಉಪಕಾರ ಆಗ್ಬೇಕು. ಮೀನು ತಿಂದು ಅದು ದಪ್ಪ ಆಗಿದೆ ಮಾರ್ರೆ. ನಿಮ್ಮ ನೆನಪಾದ್ರೂ ಆ ತೂತಲ್ಲಿ ಬರ್ಲಿಕ್ಕೆ ಆಗುದಿಲ್ಲ."

ಶುಕ್ರವಾರ ಸಂಘದಲ್ಲಿ ಭಟ್ಟರ ಬಸಳೆ ಹುಳಿಯನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದಂತೆ. ಹೆಂಡತಿ ಬಂದು ಹೇಳಿದಳು. ನಾನು ಹೋಗಿರಲಿಲ್ಲ. ಉಳಿ, ಸುತ್ತಿಗೆ ಹಿಡಿದು ಗೋಡೆಯ ಬುಡದಲ್ಲಿ ಕೂತು, ಹಲ್ಲು ಕಡಿಯುತ್ತಾ, ಆ ದ್ರೋಹಿಗಾಗಿ ಬಾಗಿಲು ಅಗಲ ಮಾಡುತ್ತಿದ್ದೆ.