ಎರಡೂ ಕೈ ಎತ್ತಿಸುವ ಕಾಕಾ

ನಮ್ಮ ಕಾಕಾನಿಗೆ ರಕ್ತಸಂಬಂಧಿಕರಿಗಿಂತ ರಕ್ತದ ಮೇಲೇ ಪ್ರೀತಿ ಜಾಸ್ತಿ ಎಂದರೆ ನೀವು ನನ್ನನ್ನು ಬಾಯಿಬಡುಕಿ ಎನ್ನಬಹುದು. ಅನ್ನಿ! ಆದರೆ ಒಮ್ಮೆ ಅವನ ಕೈಗೆ ಸಿಕ್ಕು ನೋಡಿ ಆಮೇಲೆ ಅನ್ನಿ.

ಎಂಬತ್ತರ ದಶಕದ ಮಾತು. ಅಪ್ಪನ ತಮ್ಮನಾದ ಈ ಕಾಕಾ ಹುಬ್ಬಳ್ಳಿಯ ದೊಡ್ಡ ದವಾಖಾನೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ರಕ್ತ ಯಾಕೆ ಗಡ್ಡೆ ಕಟ್ಟುತ್ತದೆ, ಆ ಗಡ್ಡೆ ಮಿದುಳಿಗೆ ಹೋಗಿ ಲಕ್ವ ಹೇಗೆ ಹೊಡೆಯುತ್ತದೆ ಎಂಬುದು ಅವನ ವಿಷಯ. ರವಿವಾರ ಬಂತೆಂದರೆ ಬಸ್ಸು ಹಿಡಿದು ನಮ್ಮೂರು ಮೊರಬಕ್ಕೆ ಹಾಜರು. ಬೇರೆಯವರ ಕಾಕಾಗಳು ಪೇಢೆ ತರುತ್ತಿದ್ದರು, ನಮ್ಮವನು ಸೂಜಿ ತರುತ್ತಿದ್ದ!

ಕಟ್ಟೆಯ ಮೇಲೆ ಕೂತು ಊರವರ ರಕ್ತ ತೆಗೆದು ಗಾಜಿನ ಕೊಳವೆಗೆ ಹಾಕುವುದು, ತಣ್ಣಗಾಗಬಾರದೆಂದು ಕೊಳವೆಯನ್ನು ಬಗಲಲ್ಲಿ ಇಟ್ಟುಕೊಳ್ಳುವುದು, ಆಗಾಗ ತೆಗೆದು ಓರೆ ಮಾಡಿ ಗಡಿಯಾರ ನೋಡುವುದು. ರಕ್ತ ಹರಿಯದೆ ನಿಂತಿತೋ, "ಹೆಪ್ಪಾತು!" ಎಂದು ಕೂಗುತ್ತಿದ್ದ. ಮೊಸರು ಗಟ್ಟಿಯಾದಾಗ ನಮ್ಮವ್ವ ಕೂಡ ಇಷ್ಟು ಹಿಗ್ಗಿದ್ದಿಲ್ಲ.

ಯಾರಾದರೂ ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಇಲ್ಲ. "ಎರಡೂ ಕೈ ಎತ್ರಿ. ಹಲ್ಲು ತೋರಸ್ರಿ" ಎನ್ನುತ್ತಿದ್ದ. ಒಂದು ಕೈ ಜೋತರೆ, ಬಾಯಿ ಸೊಟ್ಟಗಾದರೆ ಅದು ಲಕ್ವದ ಗುರುತಂತೆ. ಮಂದಿ ಅವನನ್ನು ಕಂಡರೆ ದೂರದಿಂದಲೇ ಪೊಲೀಸರಿಗೆ ಸಿಕ್ಕ ಕಳ್ಳರ ಹಾಗೆ ಕೈ ಎತ್ತಿ ನಿಲ್ಲುತ್ತಿದ್ದರು.

ಇವನಿಗೆ ಹೆಣ್ಣು ನೋಡಲು ಅಣ್ಣಿಗೇರಿಗೆ ಹೋದೆವು. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗಿಯ ಅಪ್ಪ, "ಏನರ ಕೇಳೂದಿದ್ರ ಕೇಳ್ರಿ" ಎಂದರು. ಕಾಕಾ ಗಂಭೀರವಾಗಿ, "ಈಳಿಗಿ ತಾಗಿದ್ರ ರಕ್ತ ಎಷ್ಟೊತ್ತಿಗೆ ನಿಲ್ತೈತ್ರಿ?" ಎಂದ. ಹುಡುಗಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

"ಹಾಡು ಬರ್ತೈತೇನು, ರೊಟ್ಟಿ ಬರ್ತೈತೇನು ಅಂತ ಕೇಳಬೇಕಲೇ ಮಂಗ್ಯಾ!" ಎಂದು ಅಜ್ಜಿ ದಾರಿಯುದ್ದಕ್ಕೂ ಬೈದಳು.

"ಅದರಿಂದ ಏನು ತಿಳೀತೈತಬೇ?" ಎಂದ ಮಹಾನುಭಾವ. ಕೊನೆಗೂ ಮದುವೆ ಆಗಲಿಲ್ಲ. ಒಬ್ಬಳು ಹೆಣ್ಣುಮಗಳು ಬಚಾವಾದಳು!

ಊರಿನಲ್ಲಿ ಅವನಿಗೆ ರಕ್ತ ಕೊಡದವಳು ಅಜ್ಜಿ ಒಬ್ಬಳೇ, ಅವನ ಸ್ವಂತ ಅವ್ವ. "ಹೊಟ್ಟ್ಯಾಗಿದ್ದಾಗ ಕುಡದದ್ದು ಸಾಲಲಿಲ್ಲೇನಲೇ?" ಎಂದು ಅಟ್ಟುತ್ತಿದ್ದಳು.

ಒಂದು ಮುಂಜಾನೆ ಅಜ್ಜಿಯ ಕೈಯಿಂದ ಚಹಾದ ಕಪ್ಪು ಜಾರಿತು. ಬಾಯಿ ವಾರೆಯಾಯಿತು, ಮಾತು ತೊದಲಿತು. ಲಕ್ವ ಹೊಡೆದರೆ ಪಾರಿವಾಳದ ಬಿಸಿರಕ್ತ ತಿಕ್ಕುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಬಾಜು ಮನೆಗೆ ಓಡಿದ. ಅಲ್ಲಿಯ ಚಾಚಾ ಪಾರಿವಾಳ ಸಾಕಿದ್ದರು. ಚಾಚಾ ಹಕ್ಕಿ ಹಿಡಿದು ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿಯ ಬಾಯಿ ತಾನೇ ನೆಟ್ಟಗಾಯಿತು! "ಪಾರಿವಾಳದ ಮುಖ ನೋಡಿದ್ರ ಸಾಕು, ಲಕ್ವ ಓಡಿ ಹೋಗ್ತೈತಿ" ಎಂದು ಊರೆಲ್ಲ ಸುದ್ದಿ.

ಕಾಕಾ ಬಂದು ಮನೆ ಮಾಳಿಗೆ ಹಾರುವಂತೆ ಕೂಗಾಡಿದ. "ಗಡ್ಡಿ ಬಾಗಿಲಾ ಬಡದು ಹೋಗೇತಿ ಅಷ್ಟ. ಮುಂದಿನ ಸಲ ಒಳಗ ಬರ್ತೈತಿ. ದಿನಾ ಈ ಗುಳಿಗಿ ತಗೋಬೇ!"

"ಇದು ತಲಿಶೂಲಿ ಗುಳಿಗಿ. ನನಗ ತಲಿ ನೋಯಾಂಗಿಲ್ಲ."

"ರಕ್ತ ತೆಳ್ಳಗ ಇಡ್ತೈತಿ."

"ತೆಳ್ಳಗ ಮಾಡಾಕ ಅದೇನು ಸಾರೇನಲೇ?"

ಆಮೇಲೆ ನಮ್ಮ ವಿಜ್ಞಾನಿ ಏನು ಮಾಡಿದ ಗೊತ್ತೇ? ಗುಳಿಗೆಯ ಡಬ್ಬಿ ಹಿಡಿದು ಚಾಚಾನ ಮುಂದೆ ಕೈಮುಗಿದು ನಿಂತ! "ಪಾರಿವಾಳದ ಔಷಧ ಅಂತ ಹೇಳಿ ನೀವು ಕೊಟ್ರ ಅವ್ವ ತಗೋತಾಳ್ರಿ" ಎಂದ. "ನಾ ಸುಳ್ಳು ಹೇಳಾಂಗಿಲ್ಲ ಡಾಕ್ಟರ್. ಕೊಡ್ತೀನಿ ಅಷ್ಟ" ಎಂದರು ಚಾಚಾ. ದಿನಾ ಪಾರಿವಾಳಕ್ಕೆ ಜೋಳ ಹಾಕಿದ ಕೈಯಿಂದಲೇ ಗುಳಿಗೆ ಕೊಟ್ಟರು, ಅಜ್ಜಿ ಪ್ರಸಾದದಂತೆ ನುಂಗಿದಳು. ಇಷ್ಟು ವರ್ಷ ಓದಿದ ವಿದ್ಯೆ ಕಡೆಗೆ ಪಾರಿವಾಳದ ಗೂಡಿಗೆ ಬಂದು ಮುಟ್ಟಿತು!

ಅಂದಿನಿಂದ ರವಿವಾರ ಬಸ್ಸಿನ ಹೊತ್ತಿಗೆ ಅಜ್ಜಿ ಕಟ್ಟೆಯ ಮೇಲೆ ಎರಡೂ ಕೈ ಎತ್ತಿ ನಿಲ್ಲತೊಡಗಿದಳು. ಬಸ್ಸು ನಿಲ್ಲುವುದು ಮನೆಯ ಎದುರಿಗೇ. ನಾನು ನಕ್ಕರೆ ಗದರಿದಳು. "ನಗಬ್ಯಾಡ. ನಿಮ್ಮಜ್ಜಗ ಲಕ್ವ ಹೊಡದಾಗ ಇಂವ ಇನ್ನೂ ಕಲಿಯಾಕತ್ತಿದ್ದ. ಓಡಿ ಬಂದ. ಅಜ್ಜ ಒಂದ ಕೈ ಎತ್ತಿ ಕರದ್ರು. ಇನ್ನೊಂದು ಏಳಲಿಲ್ಲ. ಅವತ್ತಿನಿಂದ ಇಂವಗ ಎಲ್ಲಾರದೂ ಎರಡೂ ಕೈ ನೋಡಬೇಕು."

ಒಂದು ರವಿವಾರ ಕಾಕಾ ನವಲಗುಂದದಲ್ಲಿ ರಕ್ತ ತೆಗೆದುಕೊಂಡು ಬಂದ. ಕಟ್ಟೆಯ ಮೇಲೆ ಅಜ್ಜಿ ಇರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಹಾರಿದ. ಕೊಳವೆಗಳಿದ್ದ ಥರ್ಮಾಸು ಬಿದ್ದು ಒಡೆಯಿತು. ರಕ್ತವೆಲ್ಲ ಓಣಿಯ ಮಣ್ಣಿಗೆ ಇಂಗಿತು. ಅವನು ಹೊರಳಿ ನೋಡಲಿಲ್ಲ.

ಅಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಅವನಿಗೆಂದೇ. ಕಾಕಾ ಓಡಿ ಬಂದು ಬಾಗಿಲಲ್ಲಿ ನಿಂತ. ಅಜ್ಜಿ ಅವನ ಮುಖ ನೋಡಿದಳು. ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ, ಉಳಿದಿದ್ದ ಹಲ್ಲೆಲ್ಲ ತೋರಿಸಿದಳು. ಕಾಕಾ ಹೊಸ್ತಿಲ ಮೇಲೆ ಕುಸಿದು ಕೂಸಿನ ಹಾಗೆ ಅತ್ತ. ನನಗೂ ತಡೆಯಲಾಗಲಿಲ್ಲ.

"ಅಳಬ್ಯಾಡಲೇ ತಮ್ಮಾ" ಎಂದು ಅಜ್ಜಿ ಪಕ್ಕದಲ್ಲಿ ಕೂತು ಸೆರಗು ಸರಿಸಿ ತೋಳು ಚಾಚಿದಳು. "ತಗೋ. ನಿನಗ ಎಷ್ಟು ಬೇಕೋ ಅಷ್ಟು ತಗೋ."

ಊರೆಲ್ಲರ ರಕ್ತ ತೆಗೆದವನ ಕೈಗೆ ಅವತ್ತು ಸೂಜಿ ಹಿಡಿಯಲಾಗಲಿಲ್ಲ. ಅವ್ವನ ತೋಳನ್ನು ಕೆನ್ನೆಗೆ ಒತ್ತಿಕೊಂಡು ಕೂತುಬಿಟ್ಟ.